ಹೊಸ ತೆರಿಗೆ ಬಂದಾಗ ವಿವರಿಸಿ ಹೇಳುವವರು ಯಾರು?



ತೆರಿಗೆ ಎಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವವರು ಇಬ್ಬರು. ಒಬ್ಬರು ತೆರಿಗೆ ಕೊಡುವ ಪ್ರಜೆ, ಇನ್ನೊಬ್ಬರು ತೆರಿಗೆ ಪಡೆಯುವ ಸರಕಾರ. ಪೌರನೀತಿಯ ಪಾಠದಲ್ಲಿ ನೀವು ಓದುವುದೂ ಈ ಇಬ್ಬರ ವಿಷಯವನ್ನೇ. ಆದರೆ ಇವರ ನಡುವೆ ಮೂರನೆಯವರೊಬ್ಬರಿದ್ದಾರೆ. ಕೈಗೆ ಬಂದ ಚೀಟಿಯನ್ನು ಓದಿ, ಇದು ಏನು, ಎಷ್ಟು, ಯಾವಾಗ ಕಟ್ಟಬೇಕು, ತಪ್ಪಿದ್ದರೆ ಯಾರಲ್ಲಿ ಹೇಳಬೇಕು ಎಂದು ತಿಳಿಸಿಕೊಡುವವರು ಅವರು. ಪಂಚಾಯತಿನ ಕರವಸೂಲಿಗಾರರು, ಸೇವಾ ಕೇಂದ್ರದ ಕಂಪ್ಯೂಟರಿನ ಮುಂದೆ ಕುಳಿತ ಹುಡುಗಿ, ತಾಲೂಕು ಕಚೇರಿಯ ಎದುರು ಅರ್ಜಿ ಬರೆದುಕೊಡುವ ಹಿರಿಯರು, ಕಾನೂನು ಸೇವೆಗಳ ಸಮಿತಿಯ ವಕೀಲರು, ಎಷ್ಟೋ ಕಡೆ ಊರ ಶಾಲೆಯ ಮೇಷ್ಟ್ರು, ಎಲ್ಲರೂ ಈ ಕೆಲಸ ಮಾಡುತ್ತಾರೆ. ಹೊಸ ತೆರಿಗೆಯೊಂದು ಬಂದಾಗ ಇವರ ಕೆಲಸದ ಹೊರೆ ಏನಾಗುತ್ತದೆ ಎಂಬುದೇ ಇಂದಿನ ಮಾತಿನ ವಿಷಯ.

ಮೊದಲು ಸ್ಥಳೀಯ ತೆರಿಗೆ ಎಂದರೇನು ಎಂಬುದನ್ನು ನೋಡೋಣ. ಆದಾಯ ತೆರಿಗೆ ಕೇಂದ್ರ ಸರಕಾರದ್ದು. ಸರಕು ಮತ್ತು ಸೇವಾ ತೆರಿಗೆ 2017ರಿಂದ ಕೇಂದ್ರ ಮತ್ತು ರಾಜ್ಯಗಳೆರಡಕ್ಕೂ ಸೇರುತ್ತದೆ. ಇವಲ್ಲದೆ ನಮ್ಮ ಊರಿನ ಪಂಚಾಯತ್ ಅಥವಾ ಪುರಸಭೆ ವಿಧಿಸುವ ತೆರಿಗೆಗಳಿವೆ. ಸಂವಿಧಾನದ 73ನೆಯ ತಿದ್ದುಪಡಿ 1993ರ ಏಪ್ರಿಲಿನಲ್ಲಿ ಜಾರಿಗೆ ಬಂದಾಗ, 243 ಎಚ್ ವಿಧಿಯ ಮೂಲಕ ಪಂಚಾಯತುಗಳಿಗೆ ತೆರಿಗೆ ವಿಧಿಸುವ ಅಧಿಕಾರ ಕೊಡಲು ರಾಜ್ಯಗಳಿಗೆ ದಾರಿಯಾಯಿತು. ಅದೇ ವರ್ಷದ ಮೇ ತಿಂಗಳಲ್ಲಿ ಕರ್ನಾಟಕದ ಪಂಚಾಯತ್ ರಾಜ್ ಕಾನೂನು ಜಾರಿಗೆ ಬಂತು. ಅದರ 199ನೆಯ ಪ್ರಕರಣದಂತೆ ಕಟ್ಟಡಗಳ ಮೇಲೆ ಮತ್ತು ಕೃಷಿ ಕಂದಾಯಕ್ಕೆ ಒಳಪಡದ ಜಮೀನಿನ ಮೇಲೆ ಗ್ರಾಮ ಪಂಚಾಯತ್ ತೆರಿಗೆ ವಿಧಿಸುತ್ತದೆ. ನಾವು ಆಡುಮಾತಿನಲ್ಲಿ ಮನೆ ತೆರಿಗೆ ಎನ್ನುವುದು ಇದನ್ನೇ.

ಈಗ ಒಂದು ಊರನ್ನು ಮನಸ್ಸಿಗೆ ತಂದುಕೊಳ್ಳಿ. ಮೂಡುಬಿದಿರೆಯಿಂದ ಕಾರ್ಕಳಕ್ಕೆ ಹೋಗುವ ಹೆದ್ದಾರಿಯಲ್ಲಿ ಬೆಳುವಾಯಿ ಸಿಗುತ್ತದೆ. ಬಯಲುಸೀಮೆಯ ಹಳ್ಳಿಗಳಲ್ಲಿ ಮನೆಗೆ ಮನೆ ತಾಗಿಕೊಂಡು ಊರು ಒಂದೆಡೆ ಇದ್ದರೆ, ಇಲ್ಲಿ ಹಾಗಲ್ಲ. ಅಡಕೆ ತೋಟದ ನಡುವೆ ಒಂದು ಮನೆ, ಗುಡ್ಡದ ಬದಿಯಲ್ಲಿ ಇನ್ನೊಂದು, ಗದ್ದೆಯ ಆಚೆ ಮತ್ತೊಂದು. ಬೆಳುವಾಯಿ ಮಾತ್ರವಲ್ಲ, ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಸುತ್ತಿನ ಹಳ್ಳಿಗಳೆಲ್ಲ ಹೀಗೆಯೇ. ಮನೆಯಲ್ಲಿ ಆಡುವ ಮಾತು ತುಳು, ಕೊಂಕಣಿ ಅಥವಾ ಬ್ಯಾರಿ. ಪಂಚಾಯತಿನಿಂದ ಬರುವ ಚೀಟಿಯಲ್ಲಿರುವುದು ‘ಬೇಡಿಕೆ’, ‘ಉಪಕರ’, ‘ನಮೂನೆ’, ‘ವಹಿ’ ಎಂಬ ಕಚೇರಿಯ ಕನ್ನಡ. ಆದುದರಿಂದ ಇಲ್ಲಿ ಸಲಹೆ ಕೊಡುವವರು ಮೊದಲು ಮಾಡಬೇಕಾದ ಕೆಲಸ ಅನುವಾದದ್ದು.

ಆ ಚೀಟಿಯನ್ನೇ ಒಮ್ಮೆ ಓದೋಣ. ಮನೆಯ ತೆರಿಗೆ 600 ರೂಪಾಯಿ ಎಂದು ಭಾವಿಸಿ. ಕೆಳಗಿನ ಮೊತ್ತ 600 ಆಗಿರುವುದಿಲ್ಲ. 1965ರ ಸಾರ್ವಜನಿಕ ಗ್ರಂಥಾಲಯ ಕಾನೂನಿನಂತೆ ನೂರಕ್ಕೆ 6ರಂತೆ ಗ್ರಂಥಾಲಯ ಕರ, ಅಂದರೆ 36 ರೂಪಾಯಿ, ಅದಕ್ಕೆ ಸೇರುತ್ತದೆ. 1975ರ ಭಿಕ್ಷಾಟನೆ ನಿಷೇಧ ಕಾನೂನಿನಂತೆ ನೂರಕ್ಕೆ 3, ಅಂದರೆ 18 ರೂಪಾಯಿ. ಇಷ್ಟಕ್ಕೇ 654 ರೂಪಾಯಿ ಆಯಿತು. ಆರೋಗ್ಯ ಮತ್ತು ಶಿಕ್ಷಣದ ಹೆಸರಿನ ಕರಗಳು ಬೇರೆ ಇವೆ. ಇವೆಲ್ಲ ಕಾನೂನಿನಂತೆಯೇ ಇವೆ, ಅದರಲ್ಲಿ ಮೋಸವಿಲ್ಲ. ಆದರೆ ಬೀಡಿ ಕಟ್ಟಿ ಸಂಸಾರ ಸಾಗಿಸಿದ ಹೆಂಗಸೊಬ್ಬರು ಆ ಚೀಟಿ ಹಿಡಿದುಕೊಂಡು ಬಂದು, ‘ಸರ್, ನಮ್ಮ ಮನೆಗೆ 600 ಅಂತ ಹೇಳಿದ್ದಲ್ವಾ? ಇದು ಯಾಕೆ ಜಾಸ್ತಿ?’ ಎಂದು ಕೇಳಿದರೆ, ಅದು ನ್ಯಾಯವಾದ ಪ್ರಶ್ನೆ. ‘ಅಮ್ಮಾ, ಇದು ಲೈಬ್ರರಿಯದ್ದು, ಇದು ಇಂಥದ್ದರದ್ದು’ ಎಂದು ಒಂದೊಂದಾಗಿ ಹೇಳಲು ಒಬ್ಬ ಮನುಷ್ಯ ಬೇಕು, ಅವನಿಗೆ ಸಮಯ ಬೇಕು.

ಆ ಸಮಯ ಎಷ್ಟು? ನೀವು ವಿದ್ಯಾರ್ಥಿಗಳು, ಲೆಕ್ಕ ಮಾಡಿ ನೋಡಬಹುದು. ಇದು ಯಾವುದೇ ಒಂದು ಪಂಚಾಯತಿನ ಅಂಕಿಯಲ್ಲ, ತಿಳಿಯುವುದಕ್ಕಾಗಿ ಹಾಕಿಕೊಂಡ ಉದಾಹರಣೆ. ಒಂದು ಪಂಚಾಯತಿನಲ್ಲಿ 2,000 ಮನೆಗಳಿವೆ. ಹೊಸ ದರದ ಚೀಟಿ ಹಂಚಿದ ಮೇಲೆ ನಾಲ್ಕರಲ್ಲಿ ಒಂದು ಮನೆಯವರು ಮಾತ್ರ ವಿಚಾರಿಸಲು ಬಂದರು. ಒಬ್ಬೊಬ್ಬರಿಗೆ 15 ನಿಮಿಷ ಹಿಡಿಯಿತು. 500 ಜನ, ತಲಾ 15 ನಿಮಿಷ, ಒಟ್ಟು 7,500 ನಿಮಿಷ, ಅಂದರೆ 125 ಗಂಟೆ. ದಿನಕ್ಕೆ 5 ಗಂಟೆ ಕಿಟಕಿಯ ಮುಂದೆ ಕುಳಿತರೆ 25 ದಿನ. ಒಬ್ಬ ನೌಕರನ ಒಂದು ತಿಂಗಳು ಪೂರ್ತಿ ಇದಕ್ಕೇ ಹೋಯಿತು. ಬಂದವರಲ್ಲಿ ಅರ್ಧದಷ್ಟು ಜನ ದಾಖಲೆ ತರಲು ಹೋಗಿ ಎರಡನೆಯ ಸಲ ಬಂದರೆ ಇನ್ನೂ ಹನ್ನೆರಡೂವರೆ ದಿನ. ಅದೇ ನೌಕರ ಕುಡಿಯುವ ನೀರು, ಬೀದಿ ದೀಪ, ಕಟ್ಟಡದ ಪರವಾನಿಗೆ, ಉದ್ಯೋಗ ಖಾತರಿಯ ಲೆಕ್ಕ, ಇವನ್ನೂ ನೋಡಬೇಕು. ತೆರಿಗೆಯಿಂದ ಎಷ್ಟು ವರಮಾನ ಬರುತ್ತದೆ ಎಂಬ ಅಂದಾಜು ಆಯವ್ಯಯ ಪತ್ರದಲ್ಲಿ ಇರುತ್ತದೆ. ಅದನ್ನು ವಿವರಿಸಲು ಎಷ್ಟು ದಿನ ಬೇಕು ಎಂಬ ಅಂದಾಜು ಇರುವುದು ಅಪರೂಪ.

ಈ ಪ್ರಶ್ನೆಗಳು ಒಂದೇ ದಿನ ಬರುವುದಿಲ್ಲ, ಒಂದೇ ಬಗೆಯವೂ ಅಲ್ಲ. ತೆರಿಗೆಯ ಸುದ್ದಿ ಹಬ್ಬಿದಾಗ ‘ಹೌದಂತೆ, ಅಲ್ಲವಂತೆ’ ಎಂಬ ಗಾಳಿಮಾತಿನ ಪ್ರಶ್ನೆಗಳು. ಅವಕ್ಕೆ ಎರಡು ಮಾತಿನಲ್ಲಿ ಉತ್ತರಿಸಬಹುದು. ಚೀಟಿ ಕೈಗೆ ಬಂದಾಗ ಲೆಕ್ಕದ ಪ್ರಶ್ನೆಗಳು: ಅಳತೆ ತಪ್ಪಿದೆ, ಹಂಚಿನ ಮನೆಯನ್ನು ತಾರಸಿ ಎಂದು ಬರೆದಿದ್ದಾರೆ, ಡೋರ್ ನಂಬರು ಪಕ್ಕದ ಮನೆಯದ್ದು. ಆಮೇಲೆ ಬರುವುದು ಹೆಸರಿನ ಪ್ರಶ್ನೆ. ಖಾತೆ ಇನ್ನೂ ತೀರಿಹೋದ ಅಜ್ಜನ ಹೆಸರಿನಲ್ಲಿದೆ, ಮಕ್ಕಳಲ್ಲಿ ಒಬ್ಬರು ಮುಂಬಯಿಯಲ್ಲಿ, ಒಬ್ಬರು ಕೊಲ್ಲಿ ರಾಷ್ಟ್ರದಲ್ಲಿ. ಇದನ್ನು 15 ನಿಮಿಷದಲ್ಲಿ ಮುಗಿಸಲು ಸಾಧ್ಯವಿಲ್ಲ. ಕೊನೆಗೆ ಬಾಕಿಯ ಪ್ರಶ್ನೆ. ಕಟ್ಟಲು ಹಣವಿಲ್ಲ, ದಂಡ ಏರುತ್ತಿದೆ, ಏನು ಮಾಡುವುದು? ಹೊಸ ತೆರಿಗೆಯ ಗದ್ದಲವೆಲ್ಲ ಅಡಗಿದ ಮೇಲೂ ಸಲಹೆಗಾರರ ಬಳಿ ಉಳಿಯುವುದು ಈ ಕಡೆಯ ಎರಡು ಬಗೆಯವು. ಜನಸಂಖ್ಯೆ ಕಡಿಮೆಯಾದರೂ ಒಬ್ಬೊಬ್ಬರಿಗೆ ಹಿಡಿಯುವ ಹೊತ್ತು ಹೆಚ್ಚು.

ಇನ್ನು ಪಟ್ಟಣಗಳ ಕಡೆಗೆ ನೋಡೋಣ. ಮೊದಲು ಮನೆಯ ವಾರ್ಷಿಕ ಬಾಡಿಗೆ ಮೌಲ್ಯವನ್ನು ಅಧಿಕಾರಿ ಅಂದಾಜು ಮಾಡಿ ತೆರಿಗೆ ಗೊತ್ತುಪಡಿಸುತ್ತಿದ್ದರು. ಇದರಲ್ಲಿ ಅಧಿಕಾರಿಯ ಮರ್ಜಿಗೆ ಬಹಳ ಅವಕಾಶವಿತ್ತು. ಅದನ್ನು ತಪ್ಪಿಸಲು 2000ದಲ್ಲಿ ಬೆಂಗಳೂರು ಮಹಾನಗರ ಪಾಲಿಕೆ ಸ್ವಯಂ ಘೋಷಿತ ಆಸ್ತಿ ತೆರಿಗೆ ಪದ್ಧತಿಯನ್ನು ತಂದಿತು. 2002ರಿಂದ ಅಂತಹದೇ ಪದ್ಧತಿ ರಾಜ್ಯದ ಇತರ ಪಟ್ಟಣಗಳಿಗೂ ಬಂತು. ಮೂಡುಬಿದಿರೆ, ಬಂಟ್ವಾಳದಂತಹ ಪುರಸಭೆಗಳ ಜನರೂ ತಮ್ಮ ತೆರಿಗೆಯನ್ನು ತಾವೇ ಲೆಕ್ಕ ಹಾಕಿ ಅರ್ಜಿ ತುಂಬುವ ಕಾಲ ಬಂತು. ನಾಗರಿಕರನ್ನು ನಂಬುವ ಪದ್ಧತಿ ಇದು, ಆ ಮಟ್ಟಿಗೆ ಬಹಳ ಒಳ್ಳೆಯದು.

ಆದರೆ ಲೆಕ್ಕ ಮಾಡುವ ಕೆಲಸ ಅಲ್ಲಿಗೆ ಇಲ್ಲವಾಯಿತೇ? ಇಲ್ಲ. ಅದು ಕಚೇರಿಯ ಮೇಜಿನಿಂದ ಮನೆಯ ಜಗಲಿಗೆ ಬಂತು. ಕಟ್ಟಡದ ವಿಸ್ತೀರ್ಣ ಎಷ್ಟು, ವಯಸ್ಸು ಎಷ್ಟು, ಸವಕಳಿ ಎಷ್ಟು ಕಳೆಯಬೇಕು, ಸ್ವಂತ ವಾಸವೇ ಬಾಡಿಗೆಯೇ, ಇದನ್ನೆಲ್ಲ ಮನೆಯವರೇ ತುಂಬಬೇಕು. ಲೆಕ್ಕ ಗೊತ್ತಿದ್ದವರು ಒಂದು ಸಂಜೆಯಲ್ಲಿ ತುಂಬಿದರು. ಗೊತ್ತಿಲ್ಲದವರು ಕೇಳಿಕೊಂಡು ಹೊರಟರು. ಏಪ್ರಿಲ್ ತಿಂಗಳಲ್ಲಿ ಕಟ್ಟಿದವರಿಗೆ ನೂರಕ್ಕೆ 5ರ ರಿಯಾಯಿತಿ ಇರುವುದರಿಂದ ಕೇಳುವವರೆಲ್ಲ ಒಂದೇ ತಿಂಗಳಲ್ಲಿ ಬಂದರು.

ವಿವರಣೆ ಸರಿಯಾಗಿ ತಲುಪದೆ ಹೋದರೆ ಏನಾಗುತ್ತದೆ ಎಂಬುದಕ್ಕೆ ಬೆಂಗಳೂರಿನದೇ ಇನ್ನೊಂದು ಉದಾಹರಣೆ ಇದೆ. ಅಲ್ಲಿ ಆಸ್ತಿಗಳನ್ನು ಎ, ಬಿ, ಸಿ ಮುಂತಾದ ವಲಯಗಳಾಗಿ ವಿಂಗಡಿಸಿದ್ದಾರೆ. ವಲಯಕ್ಕೆ ತಕ್ಕಂತೆ ದರ. 2016ರಲ್ಲಿ ಈ ವಲಯಗಳನ್ನು ಪರಿಷ್ಕರಿಸಲಾಯಿತು. ಎಷ್ಟೋ ಜನ ಹಳೆಯ ವಲಯದ ದರದಂತೆಯೇ ತೆರಿಗೆ ಕಟ್ಟುತ್ತಾ ಹೋದರು, ಪಾಲಿಕೆ ಅದನ್ನು ಸ್ವೀಕರಿಸುತ್ತಲೂ ಹೋಯಿತು. ಕೆಲವು ವರ್ಷಗಳ ನಂತರ ಸುಮಾರು 78,000 ಆಸ್ತಿಗಳ ವಿಷಯದಲ್ಲಿ ತಪ್ಪು ಘೋಷಣೆಯಾಗಿದೆ ಎಂದು ಗೊತ್ತಾಗಿ, ವ್ಯತ್ಯಾಸದ ಹಣದ ಜೊತೆಗೆ ದಂಡ ಮತ್ತು ಬಡ್ಡಿ ಕೇಳಿ ನೋಟಿಸುಗಳು ಹೋದವು. ಮೊದಲ ವರ್ಷವೇ ಪ್ರತಿಯೊಬ್ಬರಿಗೂ ‘ನಿಮ್ಮ ವಲಯ ಬದಲಾಗಿದೆ’ ಎಂದು ತಿಳಿಸುವ ಶ್ರಮ ಉಳಿಸಿದ್ದರ ಫಲವನ್ನು, ಐದು ವರ್ಷಗಳ ಬಡ್ಡಿಯೊಂದಿಗೆ ಎರಡೂ ಕಡೆಯವರು ಅನುಭವಿಸಿದರು. ಮುಂಚೆ ಹೇಳಿದ್ದರೆ ಒಂದು ಮಾತಿನಲ್ಲಿ ಮುಗಿಯುವ ವಿಷಯ, ತಡವಾದ ಮೇಲೆ ಒಂದೊಂದು ಕಡತವಾಯಿತು.

ಮತ್ತೆ ಹಳ್ಳಿಗೆ ಬರೋಣ. ಕರಾವಳಿಯಲ್ಲಿ ‘ನೈನ್ ಇಲೆವೆನ್’ ಎಂದರೆ ಪಂಚಾಯತಿನ ಎರಡು ಕಾಗದಗಳು. 2013ರಲ್ಲಿ ಇ-ಸ್ವತ್ತು ಎಂಬ ಗಣಕೀಕೃತ ವ್ಯವಸ್ಥೆ ಬಂದಾಗ, ನಮೂನೆ 9 ಆಸ್ತಿಯ ದಾಖಲೆಯೂ ನಮೂನೆ 11 ತೆರಿಗೆಯ ಬೇಡಿಕೆ, ವಸೂಲಿ, ಬಾಕಿಯ ದಾಖಲೆಯೂ ಆದವು. ಮನೆ ಮಾರಲು, ಬ್ಯಾಂಕಿನ ಸಾಲಕ್ಕೆ, ಹೀಗೆ ಹಲವು ಕಡೆ ಇವನ್ನು ಕೇಳುತ್ತಾರೆ. ನಮೂನೆ 9 ಸಿಗಬೇಕಾದರೆ ಜಾಗ ಗ್ರಾಮಠಾಣದಲ್ಲಿರಬೇಕು, ಇಲ್ಲವೇ ಭೂ ಪರಿವರ್ತನೆಯಾಗಿ ವಿನ್ಯಾಸ ನಕ್ಷೆಗೆ ಅನುಮೋದನೆ ಸಿಕ್ಕಿರಬೇಕು. ಮನೆಗಳು ಒತ್ತಾಗಿರುವ ಊರಿಗೆ ಇದು ಸರಿಹೋದೀತು. ತೋಟದ ನಡುವೆ ಐದು ಸೆಂಟ್ಸಿನಲ್ಲಿ ಮನೆ ಕಟ್ಟಿಕೊಂಡಿರುವ ನಮ್ಮ ಜಿಲ್ಲೆಯವರಿಗೆ ಒಂದೊಂದು ಮನೆಗೂ ಪ್ರತ್ಯೇಕ ನಕ್ಷೆ ಬೇಕಾಯಿತು. ಇದರಿಂದಾದ ತೊಂದರೆ ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳಲ್ಲಿ ವರ್ಷಗಟ್ಟಲೆ ಚರ್ಚೆಯ ವಿಷಯವಾಯಿತು. ಒಂದೇ ನಿಯಮವನ್ನು ಎಲ್ಲ ಕಡೆಗೂ ಅನ್ವಯಿಸಿದಾಗ, ಅದು ಹೊಂದದ ಊರಿನಲ್ಲಿ ಸಲಹೆಯ ಕೆಲಸ ಹಲವು ಪಟ್ಟು ಬೆಳೆಯುತ್ತದೆ ಎಂಬುದು ಇಲ್ಲಿಯ ಪಾಠ.

2025ರಲ್ಲಿ ರಾಜ್ಯ ವಿಧಾನಮಂಡಲ ಪಂಚಾಯತ್ ರಾಜ್ ಕಾನೂನಿಗೆ ಮತ್ತೊಂದು ತಿದ್ದುಪಡಿ ಮಾಡಿತು. ಅನುಮೋದನೆಯಿಲ್ಲದೆ ಎದ್ದ ಬಡಾವಣೆ, ಕಟ್ಟಡಗಳನ್ನೂ ದಾಖಲೆಗೆ ಸೇರಿಸಿ ತೆರಿಗೆಯ ವ್ಯಾಪ್ತಿಗೆ ತರುವುದು ಅದರ ಉದ್ದೇಶ. ಈವರೆಗೆ ತೆರಿಗೆಯ ಪುಸ್ತಕದಲ್ಲಿಯೇ ಇಲ್ಲದ ಮನೆಯವರಿಗೆ ಇದು ಹೊಸ ತೆರಿಗೆಯೇ ಸರಿ. ಅವರು ಕೇಳುವ ಮೊದಲ ಪ್ರಶ್ನೆ ಏನೆಂದು ಊಹಿಸುವುದು ಕಷ್ಟವಲ್ಲ: ‘ತೆರಿಗೆ ಕಟ್ಟಿದರೆ ಮನೆ ನಮ್ಮದಾಗುತ್ತದಾ?’ ಇದಕ್ಕೆ ಉತ್ತರವನ್ನು ಬಹಳ ಎಚ್ಚರದಿಂದ ಕೊಡಬೇಕು. ತೆರಿಗೆಯ ರಶೀದಿ ಹಕ್ಕುಪತ್ರವಲ್ಲ. ಸರಕಾರಿ ಜಾಗದಲ್ಲಿ ಮನೆ ಕಟ್ಟಿಕೊಂಡವರು ಭೂ ಕಂದಾಯ ಕಾನೂನಿನ 94 ಸಿ ಪ್ರಕರಣದಂತೆ ಹಾಕುವ ಅರ್ಜಿ ಬೇರೆ, ಪಂಚಾಯತಿಗೆ ಕಟ್ಟುವ ತೆರಿಗೆ ಬೇರೆ. ‘ರಶೀದಿ ಇದೆಯಲ್ಲ, ಧೈರ್ಯವಾಗಿರಿ’ ಎಂಬ ಒಂದು ಉಪೇಕ್ಷೆಯ ಮಾತನ್ನು ನಂಬಿ ಒಂದು ಕುಟುಂಬ ಇರುವ ಉಳಿತಾಯವನ್ನೆಲ್ಲ ಆ ಮನೆಗೆ ಸುರಿಯಬಹುದು. ತಪ್ಪು ಸಲಹೆ ಸಲಹೆಯಿಲ್ಲದಿರುವುದಕ್ಕಿಂತ ಕೆಟ್ಟದ್ದು.

ಇದು ನಮ್ಮ ದೇಶಕ್ಕೆ ಮಾತ್ರ ಸೇರಿದ ಸಮಸ್ಯೆಯಲ್ಲ. ಇಂಗ್ಲೆಂಡಿನಲ್ಲಿ, ಬ್ರಿಟನ್ ಎರಡನೆಯ ಮಹಾಯುದ್ಧಕ್ಕೆ ಇಳಿದ ಮರುದಿನ, 1939ರ ಸೆಪ್ಟೆಂಬರ್ 4ರಂದು, ‘ಸಿಟಿಜನ್ಸ್ ಅಡ್ವೈಸ್ ಬ್ಯೂರೋ’ ಎಂಬ ಉಚಿತ ಸಲಹಾ ಕೇಂದ್ರಗಳು ತೆರೆದವು. ಹೆಚ್ಚಾಗಿ ಸ್ವಯಂಸೇವಕರೇ ನಡೆಸುವ ಈ ಕೇಂದ್ರಗಳಿಗೆ ಯಾರು ಬೇಕಾದರೂ ಹೋಗಿ ಸಾಲ, ಬಾಡಿಗೆ, ತೆರಿಗೆಯ ವಿಷಯ ಕೇಳಬಹುದು. 1989ರಲ್ಲಿ ಸ್ಕಾಟ್‌ಲೆಂಡಿನಲ್ಲಿಯೂ 1990ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿಯೂ ಅಲ್ಲಿಯ ಸರಕಾರ ಮನೆ ತೆರಿಗೆಯನ್ನು ತೆಗೆದು, ವಯಸ್ಕರಿಗೆ ತಲೆಗೆ ಇಷ್ಟು ಎಂಬ ತೆರಿಗೆಯನ್ನು ತಂದಿತು. ನಮ್ಮ ಮಾತಿನಲ್ಲಿ ತಲೆಗಂದಾಯ. ಮನೆಗೊಂದು ಚೀಟಿ ಇದ್ದಲ್ಲಿ ಮನೆಯ ಪ್ರತಿ ವಯಸ್ಕರಿಗೂ ಒಂದೊಂದು ಚೀಟಿ. ಅತಿ ಬಡವರೂ ಪೂರ್ಣಾವಧಿಯ ವಿದ್ಯಾರ್ಥಿಗಳೂ ಐದನೆಯ ಒಂದು ಭಾಗವನ್ನಾದರೂ ಕಟ್ಟಬೇಕಿತ್ತು. ಹಿಂದೆಂದೂ ಇಂತಹ ಚೀಟಿ ನೋಡದ ಜನ ಸಲಹೆ ಕೇಳುವಂತಾಯಿತು. ಬಾಕಿ, ಕೋರ್ಟಿನ ಸಮನ್ಸ್ ಎಂದು ವಿಷಯ ಬೆಳೆಯಿತು. 1990ರ ಮಾರ್ಚ್ 31ರಂದು ಲಂಡನ್ನಿನಲ್ಲಿ ಗಲಭೆಯೇ ಆಯಿತು. 1993ರಲ್ಲಿ ಆ ತೆರಿಗೆಯನ್ನು ರದ್ದುಮಾಡಿ ಮತ್ತೆ ಮನೆಯ ಬೆಲೆಗೆ ಸೇರಿದ ತೆರಿಗೆಯನ್ನು ತಂದರು. ತೆರಿಗೆ ಹೋಯಿತು, ಅದರ ಬಾಕಿಯ ತಕರಾರುಗಳು ಆಮೇಲೂ ಉಳಿದವು.

2013ರಲ್ಲಿ ಅಲ್ಲಿ ಇನ್ನೊಂದು ಬದಲಾವಣೆಯಾಯಿತು. ಬಡವರಿಗೆ ತೆರಿಗೆಯಲ್ಲಿ ಕೊಡುತ್ತಿದ್ದ ರಿಯಾಯಿತಿಯ ಹೊಣೆಯನ್ನು ಕೇಂದ್ರ ಸರಕಾರ ಕಡಿಮೆ ಹಣದೊಂದಿಗೆ ಇಂಗ್ಲೆಂಡಿನ ಸ್ಥಳೀಯ ಸಂಸ್ಥೆಗಳಿಗೆ ವಹಿಸಿತು. ಊರಿಗೊಂದು ನಿಯಮವಾಯಿತು. ಅದಾದ ಸ್ವಲ್ಪ ಕಾಲದಲ್ಲಿಯೇ ಈ ಸಲಹಾ ಕೇಂದ್ರಗಳಿಗೆ ಬರುವ ಸಾಲದ ತೊಂದರೆಗಳಲ್ಲಿ ಸ್ಥಳೀಯ ತೆರಿಗೆಯ ಬಾಕಿ ಮುಂಚೂಣಿಗೆ ಬಂತು. ಗಮನಿಸಿ, ಒಂದು ಕಚೇರಿ ತನ್ನ ಖರ್ಚನ್ನು ಉಳಿಸಿದಾಗ ಆ ಖರ್ಚು ಇಲ್ಲವಾಗಲಿಲ್ಲ, ಸಲಹಾ ಕೇಂದ್ರದ ಬಾಗಿಲಿಗೆ ಬಂತು.

ಇಂಗ್ಲೆಂಡಿನ ಹಾಗೆ ನಮ್ಮಲ್ಲಿ ಸಲಹೆಗೆಂದೇ ಇರುವ ಒಂದು ಸಂಸ್ಥೆಯಿಲ್ಲ. ಆದರೆ ಅರ್ಜಿ ಬರೆಯುವ ಸಂಪ್ರದಾಯ ನಮಗೆ ಹೊಸದಲ್ಲ. ಇದೇ ಕನ್ನಡ ಜಿಲ್ಲೆಯ ರೈತರು 1830-31ರಲ್ಲಿ ಕಂದಾಯದ ಭಾರ ತಾಳಲಾರದೆ ‘ಕೂಟ’ಗಳಾಗಿ ಸೇರಿ ಕಂಪನಿ ಸರಕಾರಕ್ಕೆ ಅಹವಾಲು ಬರೆದುಕೊಂಡಿದ್ದರು. ಇಂದು ನಮಗಿರುವ ದಾರಿಗಳು ಹಲವು. ಗ್ರಾಮ ಪಂಚಾಯತುಗಳಲ್ಲಿ 2016ರಿಂದ ಬಾಪೂಜಿ ಸೇವಾ ಕೇಂದ್ರಗಳಿವೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆ 1995ರ ನವೆಂಬರ್ 9ರಂದು ಜಾರಿಗೆ ಬಂದ ಮೇಲೆ ತಾಲೂಕು ಮಟ್ಟದಲ್ಲಿಯೂ ಉಚಿತ ಕಾನೂನು ನೆರವು ಸಿಗುವಂತಾಗಿದೆ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯದ ಮಿತಿಯೂ ಇಲ್ಲ. 2005ರ ಮಾಹಿತಿ ಹಕ್ಕು ಕಾಯಿದೆಯಂತೆ, ನನ್ನ ತೆರಿಗೆಯನ್ನು ಹೇಗೆ ಲೆಕ್ಕ ಹಾಕಿದಿರಿ ಎಂದು ಲಿಖಿತವಾಗಿ ಕೇಳಬಹುದು. ಗ್ರಾಮಸಭೆಯಲ್ಲಿ ಎಲ್ಲರ ಎದುರಿಗೆ ಬಾಯಿಬಿಟ್ಟು ಕೇಳಬಹುದು.

ದಾರಿಗಳಿವೆ, ಆದರೆ ಕುಳಿತು ಕೇಳಿಸಿಕೊಳ್ಳುವ ಹೊತ್ತು ಯಾರಿಗೂ ಇಲ್ಲದಿದ್ದರೆ ಜನ ಎಲ್ಲಿಗೆ ಹೋಗುತ್ತಾರೆ? ಬ್ರೋಕರನ ಬಳಿಗೆ. ಉಚಿತವಾಗಿ ಸಿಗಬೇಕಾದ ಒಂದು ಮಾತಿಗೆ ಹಣ ಕೊಡುತ್ತಾರೆ. ಅದೂ ಒಂದು ತೆರಿಗೆಯೇ. ರಶೀದಿಯಿಲ್ಲದ ತೆರಿಗೆ. ಅದನ್ನು ಹೆಚ್ಚಾಗಿ ಕೊಡುವವರು ಓದು ಬರದವರು, ದಿನಗೂಲಿ ಬಿಟ್ಟು ಮೂರು ಸಲ ಕಚೇರಿಗೆ ಬರಲಾರದವರು. ಒಂದು ದಿನದ ಕೂಲಿ ಹೋಗುವುದಕ್ಕಿಂತ ಬ್ರೋಕರನಿಗೆ ಕೊಡುವುದೇ ಲೇಸು ಎಂದು ಅವರು ಲೆಕ್ಕ ಹಾಕಿದರೆ ಅವರನ್ನು ದೂರುವಂತಿಲ್ಲ.

ಆದುದರಿಂದ ಹೊಸ ತೆರಿಗೆ ತರುವವರು ಅದನ್ನು ವಿವರಿಸುವ ಖರ್ಚನ್ನೂ ತೆರಿಗೆಯ ಖರ್ಚಿನಲ್ಲಿಯೇ ಸೇರಿಸಬೇಕು. ಇದಕ್ಕೆ ದೊಡ್ಡ ಯೋಜನೆಯೇನೂ ಬೇಡ. ಚೀಟಿ ಹಂಚುವ ಮೊದಲು ವಾರ್ಡ್ ಸಭೆಗಳಲ್ಲಿ ಒಂದು ಮಾದರಿ ಲೆಕ್ಕವನ್ನು ಬೋರ್ಡಿನ ಮೇಲೆ ಮಾಡಿ ತೋರಿಸಬಹುದು. ಚೀಟಿಯ ಹಿಂಬದಿಯಲ್ಲಿ ಪ್ರತಿ ಕರದ ಅರ್ಥವನ್ನೂ ಆಕ್ಷೇಪಣೆ ಸಲ್ಲಿಸುವ ಕ್ರಮವನ್ನೂ ಸರಳ ಮಾತಿನಲ್ಲಿ ಅಚ್ಚು ಮಾಡಬಹುದು. ಎಲ್ಲ ವಾರ್ಡುಗಳಿಗೆ ಒಂದೇ ದಿನ ಹಂಚುವ ಬದಲು ವಾರಕ್ಕೊಂದು ವಾರ್ಡಿನಂತೆ ಹಂಚಿದರೆ ಕಿಟಕಿಯ ಮುಂದಿನ ಸಾಲು ಚಿಕ್ಕದಾಗುತ್ತದೆ. ಮೊದಲ ಮೂರು ತಿಂಗಳು ವಿಚಾರಣೆಗೆಂದೇ ಒಬ್ಬರನ್ನು ಕೂರಿಸಬಹುದು. ಬಂದ ಪ್ರಶ್ನೆಗಳನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟರೆ, ಒಂದೇ ಪ್ರಶ್ನೆ ಐವತ್ತು ಸಲ ಬಂದಿದ್ದರೆ ನಿಯಮದಲ್ಲಿಯೇ ಏನೋ ತೊಡಕಿದೆ ಎಂದು ಮೇಲಿನವರಿಗೆ ತಿಳಿಸಬಹುದು.

ವಿದ್ಯಾರ್ಥಿ ಮಿತ್ರರೇ, ನಿಮಗೂ ಇದರಲ್ಲಿ ಕೆಲಸವಿದೆ. ಮನೆಯಲ್ಲಿರುವ ತೆರಿಗೆಯ ಚೀಟಿಯನ್ನು ಒಮ್ಮೆ ಕೈಗೆತ್ತಿಕೊಂಡು ಓದಿ. ಅದರಲ್ಲಿರುವ ಪ್ರತಿ ಸಾಲು ಯಾವುದಕ್ಕೆ ಎಂದು ಅಮ್ಮನಿಗೋ ಅಜ್ಜಿಗೋ ಅವರ ಮಾತಿನಲ್ಲಿಯೇ ಹೇಳಲು ಸಾಧ್ಯವೇ ನೋಡಿ. ಸಾಧ್ಯವಾಗದಿದ್ದರೆ ಪಂಚಾಯತಿಗೆ ಹೋಗಿ ಕೇಳಿ ಬನ್ನಿ. ಗ್ರಂಥಾಲಯ ಕರ ಕಟ್ಟುತ್ತೀರಲ್ಲ, ಊರಿನ ಗ್ರಂಥಾಲಯಕ್ಕೂ ಹೋಗಿ. 2019ರಲ್ಲಿ ಗ್ರಾಮ ಪಂಚಾಯತ್ ಗ್ರಂಥಾಲಯಗಳನ್ನು ಪಂಚಾಯತ್ ರಾಜ್ ಇಲಾಖೆಗೆ ವಹಿಸಲಾಯಿತು, ಈಗ ಅವನ್ನು ‘ಅರಿವು ಕೇಂದ್ರ’ ಎಂದು ಕರೆಯುತ್ತಾರೆ. ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರದಲ್ಲಿ ನೀವು ರಸ್ತೆ ದುರಸ್ತಿ ಮಾಡುತ್ತೀರಿ, ಗಿಡ ನೆಡುತ್ತೀರಿ. ಅದರೊಡನೆ ಒಂದು ಸಂಜೆ ಆ ಅರಿವು ಕೇಂದ್ರದಲ್ಲಿ ಕುಳಿತು ಊರವರ ಚೀಟಿಗಳನ್ನು ಓದಿ ಹೇಳಿರಿ. ಗೊತ್ತಿಲ್ಲದ್ದನ್ನು ಮಾತ್ರ ಊಹಿಸಿ ಹೇಳಬೇಡಿ, ಗೊತ್ತಿರುವವರ ಬಳಿಗೆ ಕರೆದುಕೊಂಡು ಹೋಗಿ.

ತೆರಿಗೆಯಿಲ್ಲದೆ ಊರಿಗೆ ನೀರಿಲ್ಲ, ದೀಪವಿಲ್ಲ, ಗ್ರಂಥಾಲಯವಿಲ್ಲ. ಅದನ್ನು ಕೊಡುವುದು ನಮ್ಮ ಕರ್ತವ್ಯ. ಏಕೆ ಕೊಡುತ್ತಿದ್ದೇವೆ ಎಂದು ತಿಳಿದು ಕೊಡುವುದು ನಮ್ಮ ಹಕ್ಕು. ಆ ಹಕ್ಕು ಊರಿನ ಕಟ್ಟಕಡೆಯ ಮನೆಯವರಿಗೂ ಸಿಗುವಂತಾಗಲಿ ಎಂದು ಹಾರೈಸಿ ನನ್ನ ಮಾತನ್ನು ಮುಗಿಸುತ್ತೇನೆ.